ಅರ್ಧಕ್ಕೆ ನಿಂತ ರಾಜ

ಸಚಿವರಿಗೆ ಬೆನ್ನು ತೋರಿಸುವಂತಿಲ್ಲ ಎಂದು ಹಜ್ಲಾನ್ ಹೇಳಿದಾಗಲೇ ನನಗೆ ಗೊತ್ತಾಯಿತು, ಈ ಕೌಲಾಲಂಪುರದ ಸವಾರಿ ನೆಟ್ಟಗೆ ಮುಗಿಯುವುದಿಲ್ಲ ಎಂದು.

ಹಾಡು, ಕುಣಿತ, ಮಾತು ಕೂಡಿದ ನಮ್ಮ ಮಾಕ್ ಯೊಂಗ್ ಆಟದಲ್ಲಿ ರಾಜನ ವೇಷ ಕಟ್ಟುವುದು ಹೆಂಗಸು. ನಮ್ಮ ತಂಡದ ರಾಜ ನನ್ನ ಅಕ್ಕ ಸೆಪಿಯಾ. ನಾನು ಅವಳ ರಾಣಿ. ಮೊದಲು ರೆಬಾಬು ಮೂಡಣದಲ್ಲಿ ಕೂರುತ್ತದೆ. ಮೂರು ತಂತಿ, ಉದ್ದ ಕತ್ತು, ನೆಲಕ್ಕೆ ಊರಿ ಕಮಾನಿನಿಂದ ನುಡಿಸುವ ವಾದ್ಯ ಅದು. ರಾಜ ಅದಕ್ಕೆ ಮುಖ ಮಾಡಿ ಕೂತು, ಬಲಗೈಯನ್ನು ಕಂಡೂ ಕಾಣದ ಹಾಗೆ ಎತ್ತುತ್ತ ಎತ್ತುತ್ತ ಹಾಡಬೇಕು. ಆಮೇಲೆ ತಾನೇ ಅವನು ಏಳುವುದು, ನಡೆಯುವುದು, ಮಾತಾಡುವುದು. ನೋಡುವ ಜನ ಯಾವ ಕಡೆ ಬೇಕಾದರೂ ಕೂತುಕೊಳ್ಳಲಿ. ಬೆನ್ನು ಕಂಡರೆ ಬೆನ್ನು, ಮುಖ ಕಂಡರೆ ಮುಖ. ನಮ್ಮೂರಲ್ಲಿ ಇದನ್ನು ಯಾರೂ ಪ್ರಶ್ನೆ ಮಾಡಿದವರಲ್ಲ.

ಹಜ್ಲಾನ್ ಸಂಸ್ಕೃತಿ ಇಲಾಖೆಯ ಹುಡುಗ. ಮೂವತ್ತರ ಆಸುಪಾಸು, ದಕ್ಷಿಣದ ಜೊಹೋರಿನವನು, ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಯಾವಾಗಲೂ ಫೋನು. ಕೆಟ್ಟವನಲ್ಲ. ನಮ್ಮನ್ನು ನಮ್ಮ ಕೆಲಾಂತಾನ್ ರಾಜ್ಯದಿಂದ ಬಸ್ಸಿನಲ್ಲಿ ಕರೆತಂದು, ರಾಷ್ಟ್ರೀಯ ದಿನದ ಸಮಾರಂಭದಲ್ಲಿ ಆಡಿಸಿ, ಮತ್ತೆ ಊರು ಮುಟ್ಟಿಸುವುದು ಅವನ ಜವಾಬ್ದಾರಿ.

"ಮಕ್ ಸು, ಸಚಿವರು ಮುಂದಿನ ಸಾಲಲ್ಲೇ ಕೂತಿರ್ತಾರೆ," ಎಂದ. ನಾನು ಮನೆಗೆ ಕಿರಿಯವಳು, ಹಾಗಾಗಿ ಊರಿಗೆಲ್ಲ ಮಕ್ ಸು, ಚಿಕ್ಕಮ್ಮ. "ರಾಜ ಅವರ ಕಡೆ ಬೆನ್ನು ಮಾಡಿ ಕೂತ್ರೆ ಫೋಟೋದಲ್ಲಿ ಏನು ಬರುತ್ತೆ ಹೇಳಿ?"

"ಬೆನ್ನು ಬರುತ್ತೆ," ಎಂದ ಪೋಕ್ ಸೆಮನ್. ಪೋಕ್ ಎಂದರೆ ನಮ್ಮಲ್ಲಿ ಹಿರಿಯ ಗಂಡಸರನ್ನು ಕರೆಯುವ ಮಾತು. ಅವನು ನಮ್ಮ ಹಾಸ್ಯಗಾರ, ರಾಜನ ಬಂಟನ ವೇಷ. ರಾಜ ಸೀಳು ಬಿದಿರಿನ ಕೋಲಿನಿಂದ ಅವನ ತಲೆಗೆ ಬಾರಿಸುವುದು, ಅವನು ಬಾಯಿಗೆ ಬಂದದ್ದು ಹೇಳುವುದು, ಇದೇ ಅವನ ಬದುಕು.

ಕೊನೆಗೆ ರೆಬಾಬನ್ನೇ ವೇದಿಕೆಯ ಅಂಚಿಗೆ ತಂದು ಕೂರಿಸುವುದು ಎಂದಾಯಿತು. ಆಗ ಅಕ್ಕನ ಮುಖ ಸಚಿವರ ಕಡೆಗೆ, ರೆಬಾಬು ನುಡಿಸುವ ಪೋಕ್ ದೆಯ ಬೆನ್ನು ಸಚಿವರ ಕಡೆಗೆ.

"ನನ್ನ ಬೆನ್ನಾದ್ರೆ ಪರ್ವಾಗಿಲ್ವೋ?" ಎಂದ ಪೋಕ್ ದೆ.

"ನೀವು ಸಣ್ಣಕಿದೀರ, ಪೋಕ್ ದೆ. ಅಷ್ಟು ಕಾಣ್ಸಲ್ಲ."

ಮೂಡಣ ಎಲ್ಲಿ ಎಂದು ಪೋಕ್ ದೆ ಸಭಾಂಗಣವನ್ನೆಲ್ಲ ಸುತ್ತಿ ಬಂದ. ಕಿಟಕಿಯೇ ಇಲ್ಲದ ಕಟ್ಟಡ. ಕಾವಲುಗಾರನನ್ನು ಕೇಳಿದರೆ ಅವನು ಶೌಚಾಲಯದ ಕಡೆ ಕೈ ತೋರಿಸಿದ. ಪೋಕ್ ದೆ ಏನೂ ಹೇಳಲಿಲ್ಲ, ಬಂದು ರೆಬಾಬಿನ ತಂತಿ ಬಿಗಿ ಮಾಡುತ್ತ ಕೂತ. ಎಪ್ಪತ್ತು ದಾಟಿದ ಆ ಮುದುಕ ಸುಮ್ಮನಿದ್ದಾನೆ ಎಂದರೆ ಏನೋ ಮಾಡಲಿದ್ದಾನೆ ಎಂದೇ ಅರ್ಥ.

ಅವನು ಮಾಡಿದ್ದು ಇಷ್ಟು. ಹಜ್ಲಾನ್ ಮೊದಲೇ ಹೇಳಿದ್ದ: ಆಟ ಹತ್ತು ನಿಮಿಷ, ರಂಗ ತೆರೆಯುವ ಶಾಸ್ತ್ರ ಬೇಡ, ಧೂಪ ಬೇಡ, ಮಂತ್ರ ಬೇಡ, ಬರೀ ಕಲೆ ಸಾಕು. ಪೋಕ್ ದೆ ಕತ್ತು ಆಡಿಸಿದ್ದ. ಆದರೆ ವೇಷ ಕಟ್ಟುವ ಕೋಣೆಯಲ್ಲಿ, ಪೆಟ್ಟಿಗೆಗಳ ಸಂದಿಯಲ್ಲಿ, ಅವನು ಅಂಗಿಯ ಜೇಬಿನಿಂದ ಅರಳು ತೆಗೆದು ನೆಲಕ್ಕೆ ಚೆಲ್ಲಿ, ತುಟಿ ಅಲ್ಲಾಡಿಸುತ್ತಿದ್ದುದನ್ನು ನಾನು ನೋಡಿಬಿಟ್ಟೆ.

"ಬೇಡ ಅಂದಿದ್ರಲ್ಲ!" ಎಂದೆ.

"ಬಾಗಿಲು ತಟ್ಟದೆ ಬೇರೆಯೋರ ಮನೆ ಒಳಕ್ಕೆ ನುಗ್ತೀಯೇನೇ ನೀನು?" ಎಂದ. "ಯಾರ್ಗೂ ಗೊತ್ತಾಗಲ್ಲ, ಬಾಯಿ ಮುಚ್ಕೊಂಡಿರು."

ತಪ್ಪಾದದ್ದು ಇಲ್ಲಿಯೇ. ರಂಗ ತೆರೆಯದೆ ಆಡಿದ್ದರೆ ಅದು ಶಾಲೆಯ ಕವಾಯತು. ಎಲ್ಲಿ ನಿಲ್ಲಿಸಿದರೂ ನಡೆಯುತ್ತಿತ್ತು. ಒಮ್ಮೆ ತೆರೆದ ಮೇಲೆ ಮುಚ್ಚಲೇಬೇಕು. ಮುಚ್ಚದೆ ಎದ್ದರೆ ಅದು ರಾಜನ ಮೈಮೇಲೆ ಉಳಿಯುತ್ತದೆ.

ಅಕ್ಕನ ವಿಷಯ ಹೇಳಬೇಕು. ಅವಳಿಗೆ ಗಾಳಿಯಿದೆ. ದೆವ್ವದ ಗಾಳಿಯಲ್ಲ, ಯಾರೋ ಮಾಡಿಸಿದ್ದೂ ಅಲ್ಲ. ಹುಟ್ಟುವಾಗಲೇ ಜೊತೆಗೆ ಬಂದದ್ದು. ಕೆಲವರಿಗೆ ಕುಸ್ತಿಯ ಗಾಳಿ ಇರುತ್ತದೆ, ಕೆಲವರಿಗೆ ಡೋಲಿನದು, ಅಕ್ಕನಿಗೆ ರಾಜನದು. ಅದಕ್ಕೆ ಹೊರಗೆ ಬರಲು ದಾರಿ ಕೊಡಬೇಕು, ಇಲ್ಲದಿದ್ದರೆ ಒಳಗೇ ಸುತ್ತುತ್ತದೆ. ನಮ್ಮ ರಾಜ್ಯದ ಸರ್ಕಾರ ಹೆಂಗಸರು ಗಂಡಸರ ಮುಂದೆ ಆಡಬಾರದು, ಈ ಆಟವೇ ಧರ್ಮಕ್ಕೆ ಸಲ್ಲದು ಎಂದು ನಿಲ್ಲಿಸಿದ ವರ್ಷ ಅಕ್ಕ ಮಳೆಗಾಲವಿಡೀ ಹಾಸಿಗೆ ಬಿಟ್ಟು ಏಳಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಯ ಫೋಟೋ ತೆಗೆದರು, ಏನೂ ಇಲ್ಲ ಎಂದರು. ಪೋಕ್ ದೆ ಬಂದು ಕದ ಹಾಕಿಕೊಂಡು ರೆಬಾಬು ನುಡಿಸಿದ, ಅವಳು ಎದ್ದು ಕುಣಿದಳು, ಮಾರನೆಯ ದಿನ ಎರಡು ತಟ್ಟೆ ಅನ್ನ ಉಂಡಳು. ನಾವೂ ಐದು ಹೊತ್ತು ನಮಾಜು ತಪ್ಪಿಸದವರೇ. ಆ ಗಾಳಿಯನ್ನು ಕೊಟ್ಟವನೂ ದೇವರೇ ತಾನೆ, ನಾವೇನು ಸಂತೆಯಲ್ಲಿ ಕೊಂಡು ತಂದೆವೆ?

ನನಗಂತೂ ಗಾಳಿಗೀಳಿ ಏನೂ ಇಲ್ಲ. ನಾನು ಮೀನಿನ ಹಪ್ಪಳ ಮಾರುವವಳು. ಅಕ್ಕ ರಾಜನಾದರೆ ಯಾರಾದರೂ ರಾಣಿಯಾಗಬೇಕಲ್ಲ ಎಂದು ಆಗುವವಳು.

ನಿಲ್ಲಿಸಿದ ಮೇಲೂ ಕದ್ದುಮುಚ್ಚಿ ಆಡುತ್ತಿದ್ದೆವು, ಅದೂ ಏಳು ವರ್ಷದಿಂದ ನಮ್ಮೂರಲ್ಲಿ ಇಲ್ಲ. ಕೊನೆಯ ಸಲ ಆಡಿದ್ದು ನನ್ನ ಹಿತ್ತಲಲ್ಲಿ, ಮಗನ ಮದುವೆಗೆ. ರಕ್ಕಸನೊಬ್ಬ ರಾಜಕುಮಾರಿಯನ್ನು ಹೊತ್ತುಕೊಂಡು ಹೋಗಿದ್ದಾನೆ, ರಾಜ ಅವಳನ್ನು ಹುಡುಕಿಕೊಂಡು ಕಾಡಿಗೆ ಕಾಲಿಟ್ಟಿದ್ದಾನೆ, ಅಷ್ಟರಲ್ಲಿ ಅಧಿಕಾರಿಗಳ ಜೀಪು ಬಂತು. ಡೋಲುಗಳನ್ನು ಎತ್ತಿಕೊಂಡು ಹೋದರು. ಅವರು ಹೋದ ಮೇಲೆ ಪೋಕ್ ದೆ ಅಲ್ಲೇ ಮೆಲ್ಲಗೆ ನುಡಿಸಿ ರಂಗ ಮುಚ್ಚಿದ್ದರಿಂದ ಅಕ್ಕ ಉಳಿದಳು, ಕಥೆ ಮಾತ್ರ ಕಾಡಲ್ಲೇ ನಿಂತಿತು. ಫೋನು ಮಾಡಿದ್ದು ಪಕ್ಕದ ಮನೆಯ ಊರ ಮುಖಂಡ. ಅಂದಿನಿಂದ ಅವನ ಹೆಂಡತಿ ರೊಗಾಯಾಗೂ ನನಗೂ ಹಬ್ಬದ ಸಲಾಮು ಬಿಟ್ಟರೆ ಮಾತಿಲ್ಲ. ಇನ್ನು ನನ್ನ ಹಿತ್ತಲಲ್ಲಿ ಕೋಳಿ ಮಾತ್ರ ಕೂಗುವುದು, ರೆಬಾಬು ಕೂಗುವುದಿಲ್ಲ ಎಂದು ನಾನೂ ಶಪಥ ಮಾಡಿಬಿಟ್ಟೆ. ನನಗೆ ಮೊಮ್ಮಕ್ಕಳಿದ್ದಾರೆ, ಮಾನ ಮರ್ಯಾದೆ ಇದೆ.

ಅಲ್ಲಿ ಆಡಿದರೆ ಜೀಪು, ಇಲ್ಲಿ ಆಡಿದರೆ ಹಾರ. ಒಂದೇ ದೇಶ, ಒಂದೇ ಅಕ್ಕ.

ಸಚಿವರು ತಡವಾಗಿ ಬಂದರು. ತಡವಾದದ್ದನ್ನು ಎಲ್ಲಿಂದಲೋ ಕತ್ತರಿಸಬೇಕಲ್ಲ, ನಮ್ಮಿಂದ ಕತ್ತರಿಸಿದರು. ಅಕ್ಕ ಕಿರೀಟ ಇಟ್ಟು, ಪೋಕ್ ದೆಯ ರೆಬಾಬಿಗೆ ಮುಖ ಮಾಡಿ ಕೂತು, ಮೊದಲ ಹಾಡು ಎತ್ತಿದ್ದಳು. ಕೈ ಕಿವಿಯ ಮಟ್ಟಕ್ಕೆ ಬಂದಿತ್ತು. ಅವಳ ಕತ್ತಿನ ನರ ಉಬ್ಬಿದ್ದು, ಕಣ್ಣು ಎಲ್ಲೋ ನೆಟ್ಟದ್ದು ನನಗೆ ಕಾಣುತ್ತಿತ್ತು. ಗಾಳಿ ಎದ್ದಿತ್ತು. ಪಕ್ಕದ ಪರದೆಯ ಮರೆಯಲ್ಲಿ ಹಜ್ಲಾನ್ ಎರಡೂ ಕೈ ಬೀಸುತ್ತಿದ್ದ. ನಾವು ನೋಡಲಿಲ್ಲ. ಆಗ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ ಬ್ಯಾಂಡಿನ ಸದ್ದು ಸಿಡಿಯಿತು, ನೂರಾರು ಶಾಲೆ ಮಕ್ಕಳು ಬಾವುಟ ಬೀಸುತ್ತ ಎರಡೂ ಕಡೆಯಿಂದ ನುಗ್ಗಿದರು, ರೆಬಾಬು ಎಲ್ಲಿ ಹೋಯಿತೋ ಕೇಳಿಸಲಿಲ್ಲ. ರೇಷ್ಮೆಯ ಉಡುಪಿನ ಹೆಂಗಸೊಬ್ಬಳು ನಗುನಗುತ್ತ ಬಂದು ಅಕ್ಕನ ಎತ್ತಿದ ಕೈಯನ್ನೇ ಹಿಡಿದು, ಎಬ್ಬಿಸಿ, ಹೊರಗೆ ಕರೆದುಕೊಂಡು ಹೋದಳು. ಮಕ್ಕಳು ಒಂದೇ ದೇಶ, ಒಂದೇ ಪ್ರಾಣ ಎಂದು ಹಾಡುತ್ತಿದ್ದರು. ಆ ಮಕ್ಕಳ ತಪ್ಪಲ್ಲ, ಆದರೂ ನನಗೆ ಅವರ ಮೇಲೂ ಸಿಟ್ಟು ಬಂತು.

ಬಾಗಿಲಲ್ಲಿ ನಮಗೆಲ್ಲ ಒಂದೊಂದು ಪ್ರಶಸ್ತಿ ಪತ್ರ ಕೊಟ್ಟರು. ಗಾಜಿನ ಚೌಕಟ್ಟು, ಚಿನ್ನದ ಅಕ್ಷರ, ರಾಷ್ಟ್ರದ ಸೊತ್ತು ಎಂದು ಬರೆದಿತ್ತು. ಅಕ್ಕ ಅದನ್ನು ಎಡಗೈಯಲ್ಲಿ ತೆಗೆದುಕೊಂಡಳು. ಬಲಗೈ ಇನ್ನೂ ಅರ್ಧ ಎತ್ತಿಯೇ ಇತ್ತು.

ಬಸ್ಸು ಕೌಲಾಲಂಪುರ ದಾಟಿತು. ಬೆಟ್ಟದ ದಾರಿ ಹಿಡಿದ ಮೇಲೆ ಅಕ್ಕ ಶುರುಮಾಡಿದಳು. ಕಿಟಕಿ ತೆಗೆ ಎಂದಳು. ತೆಗೆದರೆ ಮುಚ್ಚು ಎಂದಳು. ಕಟ್ಟಿಸಿಕೊಂಡ ಅನ್ನ ಮುಟ್ಟಲಿಲ್ಲ. ಬಸ್ಸು ನಿಲ್ಲಿಸಿ ಎಂದು ಇಳಿದಳು, ರಸ್ತೆ ಬದಿ ನಾಲ್ಕು ಹೆಜ್ಜೆ ಹೋದಳು, ತಿರುಗಿ ಹತ್ತಿದಳು, ಮತ್ತೆ ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಎಂದಳು. ಬಾಯಲ್ಲಿ ಅದೇ ಅರ್ಧ ಸಾಲು. ಎಲ್ಲಿ ಕತ್ತರಿಸಿದ್ದರೋ ಅಲ್ಲಿಗೆ ಬಂದು ನಿಲ್ಲುವುದು, ಮತ್ತೆ ಮೊದಲಿನಿಂದ ಹಿಡಿಯುವುದು. ಕೈ ತಾನಾಗಿಯೇ ಕಿವಿಯ ಮಟ್ಟಕ್ಕೆ ಏರುತ್ತಿತ್ತು. ನಾನು ಹಿಡಿದು ಇಳಿಸಿದರೆ ಮತ್ತೆ ಏರುತ್ತಿತ್ತು. ಮುಟ್ಟಿದರೆ ಅಂಗೈ ತಣ್ಣಗೆ, ಹಣೆಯಲ್ಲಿ ಬೆವರು.

ನನಗೆ ಆ ಮಳೆಗಾಲ ಕಣ್ಣ ಮುಂದೆ ಬಂತು. ಆಗ ಅವಳಿಗೆ ನಲವತ್ತೂ ಆಗಿರಲಿಲ್ಲ, ತಡೆದುಕೊಂಡಳು. ಈಗ ಅರವತ್ತು ದಾಟಿದೆ, ಮೈಯಲ್ಲಿ ಮಾಂಸವಿಲ್ಲ. ಇನ್ನೊಂದು ಮಳೆಗಾಲ ಹಾಗೆ ಮಲಗಿದರೆ ಅಕ್ಕ ಉಳಿಯುವುದಿಲ್ಲ ಎಂದು ನನಗೆ ಖಂಡಿತ ಅನ್ನಿಸಿತು. ಹೆದರಿಕೆಯಾಯಿತು.

ಹಜ್ಲಾನ್ ಮುಂದಿನ ಸೀಟಿನಿಂದ ಎದ್ದು ಬಂದ. "ಮಕ್ ಸು, ಲಿಪಿಸ್‌ನಲ್ಲಿ ಒಳ್ಳೆ ಆಸ್ಪತ್ರೆ ಇದೆ. ತೋರಿಸ್ಕೊಂಡೇ ಹೋಗೋಣ."

"ಅಲ್ಲಿ ಡಾಕ್ಟರು ರೆಬಾಬು ನುಡಿಸ್ತಾರಾ?"

"ಅಂದ್ರೆ?"

ಪೋಕ್ ದೆ ತಲೆ ತಗ್ಗಿಸಿದ. ನಾನೇ ಹೇಳಬೇಕಾಯಿತು: ಅರಳು, ಜೇಬು, ಪೆಟ್ಟಿಗೆಯ ಸಂದಿ, ಎಲ್ಲ. ಹಜ್ಲಾನ್ ಹಣೆ ಚಚ್ಚಿಕೊಂಡ. "ಬೇಡ ಅಂತ ಅಷ್ಟು ಸಲ ಹೇಳಿದ್ನಲ್ಲ ಪೋಕ್ ದೆ!"

"ಹೇಳಿದ್ರಿ ಮಗನೇ," ಎಂದ ಪೋಕ್ ದೆ. "ನೀವು ಹತ್ತು ನಿಮಿಷ ಅಂತಾನೂ ಹೇಳಿದ್ರಿ."

ಊರಿಗೆ ಹೋಗಿ ಮುಚ್ಚೋಣ ಎಂದರೆ ಊರಲ್ಲಿ ರೆಬಾಬು ಹೊರಗೆ ತೆಗೆಯುವ ಹಾಗಿಲ್ಲ. ಅಕ್ಕನ ಮನೆಯ ಗೋಡೆಗೂ ಈಗ ಕಿವಿ ಇದೆ. ಅಂದರೆ ರಾಜ್ಯದ ಗಡಿ ದಾಟುವ ಮೊದಲೇ ಆಗಬೇಕು. ಗಡಿಗೆ ಈಚೆ ಕೊನೆಯ ಊರು ಮೆರಾಪೊ. ಮಧ್ಯಾಹ್ನ ಇಳಿಯುತ್ತಿತ್ತು, ಬಸ್ಸು ಓಡುತ್ತಲೇ ಇತ್ತು.

ಪೋಕ್ ದೆ ಒಪ್ಪಲಿಲ್ಲ. "ಎಲ್ಲಿ ತೆರೆದ್ವೋ ಅಲ್ಲೇ ಮುಚ್ಬೇಕು ಸು. ದಾರೀಲಿ ಮುಚ್ಚಿದ್ದನ್ನ ನಾನು ಕೇಳಿಲ್ಲ."

"ವಾಪಸ್ ಹೋಗಿ, ಸಚಿವರೇ ಒಂಚೂರು ಎದ್ದೇಳಿ, ನಾವು ಬಾಗ್ಲು ಹಾಕೋದು ಮರ್ತಿದ್ವಿ ಅನ್ನೋಣ," ಎಂದ ಸೆಮನ್.

"ನೀನು ಸುಮ್ನಿರೋ! ಪೋಕ್ ದೆ, ರೆಬಾಬು ಎಲ್ಲಿದೆ ಈಗ?"

"ನನ್ನ ತೊಡೆ ಮೇಲಿದೆ, ಕಾಣ್ಸಲ್ವಾ?"

"ರಾಜ ಎಲ್ಲಿದಾನೆ?"

ಅವನು ಅಕ್ಕನ ಕಡೆ ನೋಡಿದ.

"ಮತ್ತೆ ಅಲ್ಲಿ ಏನು ಉಳಿದಿದೆ ಮುಚ್ಚೋಕೆ? ಆ ಕಟ್ಟಡಕ್ಕೆ ಬೀಗ ಹಾಕೋಕೆ ಕಾವಲುಗಾರ ಇದಾನೆ. ಮೂಡಣ ಕೇಳಿದ್ರೆ ಕಕ್ಕಸು ತೋರ್ಸೋ ಜಾಗ ಅದು. ಅದನ್ನ ರಂಗ ಅಂತೀರಾ ನೀವು?"

ಅವನು ಬಹಳ ಹೊತ್ತು ರೆಬಾಬಿನ ಕತ್ತು ಸವರಿದ. ಆಮೇಲೆ, "ರಂಗ ನಮ್ಮ ಜೊತೆನೇ ಬಂದಿದೆ ಅಂತೀಯ," ಎಂದ. ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಇನ್ನು ಉಳಿದವನು ಹಜ್ಲಾನ್. "ಆಗಲ್ಲ ಮಕ್ ಸು. ಇದು ಇಲಾಖೆ ಬಸ್ಸು. ಪರವಾನಗಿ ಇಲ್ದೆ ರಸ್ತೇಲಿ ಆಟ ಆಡಿಸಿದ್ರೆ, ಯಾರೋ ಒಬ್ಬ ಫೋನಲ್ಲಿ ಹಿಡಿದು ಹಾಕಿದ್ರೆ, ನಾಳೆ ನನ್ನ ಕೆಲ್ಸ ಇರಲ್ಲ. ನಂಗೆ ಆರು ತಿಂಗಳ ಮಗು ಇದೆ."

ನನಗೆ ತಡೆಯಲಾಗಲಿಲ್ಲ. "ನಿಮ್ಗೆ ನಾವು ಗಾಜಿನ ಚೌಕಟ್ಟಿನೊಳಗೆ ಇದ್ರೆ ಸಾಕು, ಅಲ್ವಾ? ರಾಷ್ಟ್ರದ ಸೊತ್ತು! ಸೊತ್ತಿಗೆ ಜ್ವರ ಬಂದಿದೆ ನೋಡಿ ಸ್ವಾಮಿ. ಎತ್ಕೊಂಡು ಬಂದೋರು ನೀವು, ಹಾಳು ಮಾಡಿದೋರು ನೀವು. ಈಗ ಮನೆ ಬಾಗಿಲಲ್ಲಿ ಬಿಸಾಕಿ ಸಹಿ ಹಾಕಿಸ್ಕೊಂಡು ಹೋಗ್ತೀರಾ?"

ಅಕ್ಕ ಕಿಟಕಿಯ ಗಾಜಿಗೆ ಹಣೆ ಬಡಿಯುತ್ತಿದ್ದಳು, ಜೋರಾಗಲ್ಲ, ತಾಳಕ್ಕೆ. ಹಜ್ಲಾನ್ ಅವಳನ್ನೇ ನೋಡುತ್ತ ನಿಂತ. ಅವನ ಮುಖದಲ್ಲಿ ಅಧಿಕಾರಿಯೂ ಇದ್ದ, ಯಾರದೋ ಮಗನೂ ಇದ್ದ.

"ಟೈರು ನೋಡ್ಬೇಕಿತ್ತು, ನಿಲ್ಲಿಸಿದ್ವಿ ಅಂತ ಹೇಳ್ತೀನಿ," ಎಂದ ಕೊನೆಗೆ. "ಟೈರು ನೋಡೋಕೆ ಎಷ್ಟು ಹೊತ್ತು ಬೇಕು ಪೋಕ್ ದೆ?"

"ನಮ್ಮಜ್ಜನ ಕಾಲ್ದಲ್ಲಿ ಮೂರು ರಾತ್ರಿ ಬೇಕಿತ್ತು."

"ಒಂದು ಗಂಟೆ!"

ಮೆರಾಪೊದಾಚೆ, ಸುಣ್ಣಕಲ್ಲಿನ ಬೆಟ್ಟದ ಬುಡದಲ್ಲಿ, ಮುಚ್ಚಿದ ಹಣ್ಣಿನಂಗಡಿಯೊಂದರ ಮುಂದೆ ಬಸ್ಸು ನಿಂತಿತು. ಪಕ್ಕದ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ಇಳಿಹೊತ್ತಿನ ಅಸರಿನ ನಮಾಜು ಮುಗಿಸಿದೆವು. ಅಕ್ಕನೂ ಮಾಡಿದಳು, ನಡುಗುತ್ತಲೇ. ಬಸ್ಸಿನಿಂದ ಚಾಪೆ ಇಳಿಯಿತು. ಬೆಟ್ಟದ ಯಾವ ಕಡೆ ಬಿಸಿಲು ಬೀಳುತ್ತಿದೆ ಎಂದು ನೋಡಿ ಪೋಕ್ ದೆ ಒಂದೇ ಕ್ಷಣದಲ್ಲಿ ಮೂಡಣ ಹಿಡಿದ. ಅರಳು ಉಳಿದಿತ್ತು, ವೀಳ್ಯದೆಲೆ ಸೆಮನ್ನನ ಚೀಲದಲ್ಲಿತ್ತು. ಇಡಲು ತಟ್ಟೆ ಇರಲಿಲ್ಲ. ಸೆಮನ್ ತನ್ನ ಪ್ರಶಸ್ತಿ ಪತ್ರ ತಂದು, ಗಾಜಿನ ಮೇಲಿನ ಧೂಳನ್ನು ಅಂಗಿಯಿಂದ ಒರೆಸಿ, ಅದರ ಮೇಲೆ ಅರಳು ಸುರಿದ. "ನನ್ನ ಜನ್ಮದಲ್ಲಿ ಸರ್ಕಾರ ಕೊಟ್ಟ ಮೊದಲ್ನೇ ತಟ್ಟೆ," ಎಂದ. ಹಜ್ಲಾನ್ ಬೇರೆ ಕಡೆ ಮುಖ ತಿರುಗಿಸಿ ಟೈರು ನೋಡುತ್ತಿದ್ದ.

ರೆಬಾಬು ಉಲಿಯಿತು. ಅಕ್ಕ ಕೂತಳು. ಅದೇ ಅರ್ಧ ಸಾಲಿಗೆ ಬಂದಳು, ಈ ಸಲ ದಾಟಿದಳು. ಕೈ ಕಿವಿಯ ಮಟ್ಟ ಬಿಟ್ಟು ಮೇಲೆ ಹೋಯಿತು, ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ಎದ್ದಳು ನೋಡಿ! ಅರವತ್ತು ದಾಟಿದ ಅಕ್ಕ ಬಸ್ಸಿನಲ್ಲೇ ಉಳಿದಳು, ಚಾಪೆಯ ಮೇಲೆ ನಡೆದವನು ರಾಜ. ಬಿದಿರಿನ ಕೋಲಿನಿಂದ ಸೆಮನ್ನನ ತಲೆಗೆ ಬಾರಿಸಿ, "ಏಳೋ, ಸೋಮಾರಿ! ರಾಜಕುಮಾರಿಯನ್ನ ರಕ್ಕಸ ಹೊತ್ಕೊಂಡು ಹೋದ, ನೀನು ಗೊರಕೆ ಹೊಡೀತಿದೀಯ!" ಎಂದ.

"ಅಪ್ಪಣೆ ಪ್ರಭು, ಆದ್ರೆ ಹತ್ತೇ ನಿಮಿಷ ಹುಡ್ಕೋದು. ಆಮೇಲೆ ಶಾಲೆ ಮಕ್ಳು ಬರ್ತಾರೆ," ಎಂದ ಸೆಮನ್.

ಲಾರಿಯವರು ನಿಂತು ನಕ್ಕರು. ಮರ ತುಂಬಿದ ಎರಡು ಲಾರಿ, ಬೈಕಿನ ಮೇಲೊಂದು ಕುಟುಂಬ, ಹಣ್ಣಿನಂಗಡಿಯ ಯಜಮಾನಿ, ಎಲ್ಲ ಸೇರಿಕೊಂಡರು. ಕೆಲವರಿಗೆ ರಾಜನ ಬೆನ್ನು ಕಂಡಿತು, ಕೆಲವರಿಗೆ ಮುಖ. ಯಾರೂ ಜಾಗ ಬದಲಾಯಿಸಲಿಲ್ಲ. ರಾಣಿಯಾಗಿ ನಾನು ಅವನಿಗೆ ವಿದಾಯ ಹೇಳಿದೆ, ರಾಜ ಕಾಡಿಗೆ ಕಾಲಿಟ್ಟ.

ಹಜ್ಲಾನ್ ಬಂದು ಗಡಿಯಾರ ತೋರಿಸಿದ. ಪೋಕ್ ದೆ ಕಮಾನಿನ ವರಸೆ ಬದಲಿಸಿದ. ಮುಚ್ಚುವ ಹಾಡಿನ ಎತ್ತುಗಡೆ ಅದು. ರಾಜ ಕೋಲನ್ನು ರೆಬಾಬಿನ ಮುಂದೆ ಇಟ್ಟು ಕೈ ಮುಗಿದರೆ ಮುಗಿಯಿತು.

ಅಕ್ಕ ಕೋಲು ಇಡಲಿಲ್ಲ.

"ಇಡು ಅಕ್ಕ," ಎಂದೆ ಮೆಲ್ಲಗೆ.

"ಇಡಲ್ಲ."

ಪೋಕ್ ದೆ ಅದೇ ಎತ್ತುಗಡೆಯನ್ನು ಮತ್ತೆ ನುಡಿಸಿದ. ಅವಳು ಅಲುಗಲಿಲ್ಲ. ಲಾರಿಯವರಿಗೆ ಇದೂ ಆಟವೇ ಎನ್ನಿಸಿರಬೇಕು, ಸುಮ್ಮನೆ ನೋಡುತ್ತಿದ್ದರು.

"ಮುಚ್ಚದೆ ಹೋದ್ರೆ ಸಾಯ್ತೀಯ ಅಕ್ಕ!"

"ಮುಚ್ಚಿದ್ರೆ?" ಎಂದಳು. ರಾಜನ ದನಿಯಲ್ಲ, ಅಕ್ಕನದೇ ದನಿ. "ಮುಚ್ಚಿದ್ರೆ ಮತ್ತೆ ತೆರೆಯೋದು ಯಾವಾಗ ಸು? ಊರಲ್ಲಿ ಬಿಡಲ್ಲ. ಇವ್ರು ಇನ್ನೊಂದ್ಸಲ ಕರೆದ್ರೆ ಅದೂ ಅವ್ರಿಗೆ ಬೇಕಾದ ಕಡೆ ತಿರುಗಿಸಿ ಕೂರ್ಸೋಕೆ. ನೀನು ಹಪ್ಪಳ ಮಾರ್ಕೊಂಡು ಇರ್ತೀಯ, ಪೋಕ್ ದೆ ಗೋಡೆಗೆ ರೆಬಾಬು ನೇತು ಹಾಕ್ತಾನೆ. ರಾಜ ಕಾಡಲ್ಲೇ ಇದಾನಲ್ಲೇ! ಏಳು ವರ್ಷ ಆಯ್ತು, ನಿನ್ನ ಹಿತ್ತಲಿಂದ ಹೊರಟೋನು ಇನ್ನೂ ಅದೇ ಕಾಡಲ್ಲಿದಾನೆ. ಆ ಹುಡುಗೀನ ಅಲ್ಲೇ ಬಿಟ್ಟು ಬಾಗಿಲು ಹಾಕು ಅಂತೀಯಾ? ಕಾಯಿಲೆ ಇದ್ರೆ ಇರ್ಲಿ. ತೆರೆದೇ ಇರ್ಲಿ."

ನಾನು ಬೈಯಬೇಕೆಂದು ಬಾಯಿ ತೆರೆದೆ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು? ವಾಸಿಯಾಗಿ ಮನೆಗೆ ಹೋದರೆ ಅವಳಿಗೆ ಉಳಿಯುವುದು ಒಂದು ಕಿಟಕಿ, ಒಂದು ಮಂಚ, ಗೋಡೆಯ ಮೇಲೊಂದು ಗಾಜಿನ ಚೌಕಟ್ಟು. ಗಡಿಯ ಕಮಾನು ಕಣ್ಣಳತೆಯಲ್ಲೇ ಕಾಣುತ್ತಿತ್ತು. ಈಚೆ ಅವಳು ಸೊತ್ತು, ಆಚೆ ಅಪರಾಧ. ಎರಡೂ ಕಡೆ ಅವಳ ಆಟ ಅರ್ಧಕ್ಕೇ.

ಶಪಥ ಮಾಡಿದ್ದು ನಾನು, ಮುರಿಯುವುದೂ ನನ್ನದೇ ಕೆಲಸ.

"ನನ್ನ ಹಿತ್ತಲಲ್ಲಿ," ಎಂದೆ.

"ಏನು?"

"ಕಿವುಡಿಯಾ ನೀನು? ನನ್ನ ಹಿತ್ತಲಲ್ಲಿ ಆಡೋಣ. ಮುಂದಿನ ತಿಂಗಳ ಹುಣ್ಣಿಮೆ ಒಳಗೆ. ಕಾಡಲ್ಲಿದ್ದೋನು ಅಲ್ಲಿಂದ್ಲೇ ಹೊರಡ್ಲಿ, ಆ ಹುಡುಗಿ ಸಿಗೋವರ್ಗೂ ಆಡೋಣ. ಬೆಳಗಾದ್ರೆ ಬೆಳಗಾಗ್ಲಿ. ಜೀಪು ಬಂದ್ರೆ ನಾನು ಬಾಗಿಲಲ್ಲಿ ನಿಂತ್ಕೋತೀನಿ."

"ಆಣೆ?"

"ಆಣೆ ಗೀಣೆ ಕೇಳ್ಬೇಡ. ಇಷ್ಟು ಜನ ಲಾರಿಯೋರು ಕೇಳಿಸ್ಕೊಂಡಿದಾರೆ."

"ನಂಗೇನೂ ಕೇಳಿಸ್ಲಿಲ್ಲ," ಎಂದ ಹಜ್ಲಾನ್ ಹಿಂದಿನಿಂದ. ಆಮೇಲೆ ಸಣ್ಣಗೆ, "ಹುಣ್ಣಿಮೆ ಯಾವ ವಾರ ಬರುತ್ತೆ ಮಕ್ ಸು?" ಎಂದ.

ಅಕ್ಕ ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ನಾನು ಕದ್ದು ತಿಂದ ಬೆಲ್ಲವನ್ನು ಬಾಯಿ ಮೂಸಿ ಪತ್ತೆ ಹಚ್ಚುವಾಗ ನೋಡುತ್ತಿದ್ದಳಲ್ಲ, ಹಾಗೆ. ನಿಜ ಎಂದು ಗೊತ್ತಾಗಿರಬೇಕು. ಕೂತಳು, ಕೋಲನ್ನು ರೆಬಾಬಿನ ಮುಂದೆ ಇಟ್ಟಳು, ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದಳು. ಪೋಕ್ ದೆ ಕೊನೆಯ ಎಳೆ ಎಳೆದು ಕಮಾನು ಕೆಳಗಿಟ್ಟ. ಅವಳ ಬಲಗೈ ಮಡಿಲಿಗೆ ಇಳಿದು ಅಲ್ಲೇ ಉಳಿಯಿತು.

ಗಡಿಯ ಕಮಾನು ದಾಟುವಾಗ ಅಕ್ಕ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಅನ್ನದ ಪೊಟ್ಟಣ ಖಾಲಿಯಾಗಿತ್ತು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಹಿತ್ತಲಲ್ಲಿ ಕೋಳಿಗೂಡು ಎಲ್ಲಿಗೆ ಸರಿಸುವುದು, ಡೋಲು ಯಾರಿಂದ ತರುವುದು, ಮಗನಿಗೆ ಏನು ಹೇಳುವುದು, ಮುಖಂಡ ಫೋನು ಮಾಡಿದರೆ ಏನು ಮಾಡುವುದು. ಅವಳ ಗಾಳಿ ಇಳಿದದ್ದು ಎಲ್ಲಿಗೆ ಹೋಯಿತು ಎಂದು ನನ್ನನ್ನು ಕೇಳಬೇಡಿ.

ಆ ವಾರವೆಲ್ಲ ಹಾಗೇ ಕಳೆಯಿತು. ಹಪ್ಪಳ ಕರಿಯುತ್ತಿದ್ದವಳು ಒಲೆ ಬಿಟ್ಟು ಹಿತ್ತಲಿಗೆ ಹೋಗುವುದು, ನಿಂತು ನೋಡುವುದು, ಮತ್ತೆ ಒಳಗೆ ಬರುವುದು. ಒಂದು ಬೆಳಿಗ್ಗೆ ತಡೆಯಲಾರದೆ ಕೋಳಿಗೂಡನ್ನು ಎಳೆದು ಪಕ್ಕಕ್ಕೆ ಹಾಕಿ, ನೆಲ ಗುಡಿಸಿ, ಮೂಡಣಕ್ಕೆ ಮುಖ ಮಾಡಿ ನಿಂತು ಚಾಪೆಯ ಅಳತೆ ನೋಡುತ್ತಿದ್ದೆ.

"ಏನ್ ಮಾಡ್ತಿದೀಯ ಸು?"

ಬೇಲಿಯಾಚೆ ರೊಗಾಯಾ. ಮುಖಂಡನ ಹೆಂಡತಿ. ಏಳು ವರ್ಷದಲ್ಲಿ ಹಬ್ಬವಲ್ಲದ ದಿನ ಅವಳು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ಚಾಪೆ ಒಣಗಿಸುತ್ತಿದ್ದೇನೆ ಎನ್ನಬಹುದಿತ್ತು. ಕೋಳಿಗೆ ಹೇನು ಬಿದ್ದಿದೆ ಎನ್ನಬಹುದಿತ್ತು. ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ, ಆ ದಿನ ಹೇಳುವ ಮನಸ್ಸಾಗಲಿಲ್ಲ.

"ರೆಬಾಬು ಕೂರೋಕೆ ಜಾಗ ಮಾಡ್ತಿದೀನಿ," ಎಂದೆ. "ಹೋಗು, ನಿನ್ನ ಗಂಡಂಗೆ ಹೇಳ್ಕೋ."

ಅವಳು ನನ್ನನ್ನೊಮ್ಮೆ, ಗುಡಿಸಿದ ನೆಲವನ್ನೊಮ್ಮೆ ನೋಡಿ ಒಳಗೆ ಹೋದಳು. ಮುಗಿಯಿತು, ಫೋನು ಹೋಯಿತು ಎಂದುಕೊಂಡೆ. ಆದರೂ ಪೊರಕೆ ಕೆಳಗಿಡಲಿಲ್ಲ.

ರೊಗಾಯಾ ತಿರುಗಿ ಬಂದಳು. ಕೈಯಲ್ಲಿ ಮಚ್ಚು. ಬೇಲಿಯ ಮೇಲಿನಿಂದ ಹಿಡಿ ನನ್ನ ಕಡೆ ಮಾಡಿ ಚಾಚಿದಳು.

"ಆ ಬಾಳೆಗಿಡ ಕಡಿದು ಹಾಕು. ಹೋದ್ಸಲ ಅದು ಅಡ್ಡ ಬಂದು ಇಲ್ಲಿಂದ ರಾಜ ಸರಿಯಾಗಿ ಕಾಣಿಸ್ಲೇ ಇಲ್ಲ."

"ಹೋದ್ಸಲ ಅರ್ಧಕ್ಕೆ ನಿಲ್ಲಿಸಿದ್ದು ನಿನ್ನ ಗಂಡ," ಎಂದೆ.

"ಗೊತ್ತು ಕಣೇ." ಅವಳು ಅತ್ತಿತ್ತ ನೋಡಿ ಬೇಲಿಗೆ ಒರಗಿದಳು. "ಏಳು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಆ ಮನುಷ್ಯ ನನ್ನನ್ನೇ ಕೇಳ್ತಾನೆ, ಕೊನೆಗೆ ಆ ಹುಡುಗಿ ಸಿಕ್ಕಳಾ ಅಂತ. ನಂಗೇನೇ ಗೊತ್ತು?"

ನಾನು ಮಚ್ಚು ತೆಗೆದುಕೊಂಡು ಬಾಳೆಯ ಬುಡಕ್ಕೆ ಹಾಕಿದೆ.